ಪುಟಾಣಿ ಗ್ಯಾರೇಜಿನ ಡ್ರಮ್ಮು, ಬಕೆಟ್ಟು, ಜಿಂಕ್ ಶೀಟು: ತಗಡು ತಗಡಿನ ಹಾಗೆ ಕಾಣಬೇಕಾದರೆ

ಪ್ರಶ್ನೆ: 1:35 ಅಳತೆಯ ವಿಲ್ಲೀಸ್ ಜೀಪ್ ಕಿಟ್ ಜೋಡಿಸಿ ಮುಗಿಸಿದ್ದೇನೆ. ಅದನ್ನು ಒಂದು ಹಳೇ ಗ್ಯಾರೇಜ್ ಶೆಡ್ಡಿನ ಮುಂದೆ ನಿಲ್ಲಿಸಿ ಡಯೋರಾಮ (ಪುಟಾಣಿ ದೃಶ್ಯದ ಮಾದರಿ) ಮಾಡಬೇಕು ಅಂತ ಆಸೆ. ಜಿಂಕ್ ಶೀಟಿನ ಮಾಡು (ಛಾವಣಿ), ಎರಡು ಆಯಿಲ್ ಡ್ರಮ್, ಬಕೆಟ್, ಸರಪಳಿ, ಗೋಡೆಗೆ ನೇತುಹಾಕಿದ ಸ್ಪ್ಯಾನರ್‌ಗಳು ಬೇಕು. ರಟ್ಟು ಮತ್ತು ಪ್ಲಾಸ್ಟಿಕ್ ಶೀಟಿನಲ್ಲಿ ಮಾಡಿ ಸಿಲ್ವರ್ ಬಣ್ಣ ಹೊಡೆದೆ. ಆಟದ ಸಾಮಾನಿನ ಹಾಗೆ ಕಾಣುತ್ತಿದೆ. ಕೂಲ್‌ಡ್ರಿಂಕ್ ಕ್ಯಾನ್ ಕತ್ತರಿಸಿ ಬೆಸುಗೆ ಹಾಕಲು ಹೋದೆ. ಸೀಸ ಹಿಡಿಯಲೇ ಇಲ್ಲ, ಗುಂಡಾಗಿ ಉರುಳಿಹೋಯಿತು. ತುಕ್ಕು ಕೂಡ ಸುಮ್ನೆ ಕಿತ್ತಳೆ ಬಣ್ಣ ಬಳಿದ ಹಾಗಿದೆ. 3ಡಿ ಪ್ರಿಂಟರ್ ಇಲ್ಲ. ಹೊರದೇಶದ ರೆಡಿಮೇಡ್ ಹಿತ್ತಾಳೆ ಭಾಗಗಳು ದುಬಾರಿ. ಕೈಗೆ ಸಿಗುವ ವಸ್ತುಗಳಲ್ಲೇ ಇದನ್ನೆಲ್ಲ ಮಾಡಲು ಆಗುತ್ತದೆಯೇ? ಜೀಪಿನ ಹಿಂದಿರುವ ಜೆರಿಕ್ಯಾನನ್ನೂ (ಪೆಟ್ರೋಲ್ ತುಂಬುವ ಕ್ಯಾನು) ಹೊಸದಾಗಿ ಮಾಡಬೇಕೇ?

ಉತ್ತರ: ಮೊದಲು ಆ ಸಿಲ್ವರ್ ಬಣ್ಣದ ಡಬ್ಬಿಯನ್ನು ಪಕ್ಕಕ್ಕಿಡಿ. ನಿಮ್ಮ ತೊಂದರೆ ಇರುವುದು ಬಣ್ಣದಲ್ಲಲ್ಲ, ದಪ್ಪದಲ್ಲಿ.

ಒಂದು ಸಣ್ಣ ಲೆಕ್ಕ ಮಾಡೋಣ. ನೀವು ಬಳಸಿದ ಪ್ಲಾಸ್ಟಿಕ್ ಶೀಟು ಅರ್ಧ ಮಿಲಿಮೀಟರ್ ದಪ್ಪ ಅಂದುಕೊಳ್ಳಿ. 35ರಿಂದ ಗುಣಿಸಿದರೆ ಹದಿನೇಳೂವರೆ ಮಿಲಿಮೀಟರ್ ಆಯಿತು. ಅಷ್ಟು ದಪ್ಪದ ಜಿಂಕ್ ಶೀಟನ್ನು ಯಾರಾದರೂ ಮಾಡಿಗೆ ಹಾಕುತ್ತಾರಾ? ನಿಜವಾದ ಶೀಟು ಇರುವುದೇ ಅರ್ಧ ಮಿಲಿಮೀಟರ್ ಆಸುಪಾಸು. ನೋಡುವವರು ಈ ಲೆಕ್ಕ ಹಾಕುವುದಿಲ್ಲ, ನಿಜ. ಆದರೆ ಅವರ ಕಣ್ಣು ಹಾಕುತ್ತದೆ. ಎಷ್ಟೇ ಚೆನ್ನಾಗಿ ಬಣ್ಣ ಹೊಡೆದರೂ ಅಂಚು ದಪ್ಪ ಇದ್ದರೆ ಅದು ಹಲಗೆ. ಅಂಚು ತೆಳುವಾಗಿ, ಅಲ್ಲಲ್ಲಿ ಸ್ವಲ್ಪ ನೆಗ್ಗಿದ್ದರೆ, ಬಣ್ಣ ಹೊಡೆಯುವ ಮೊದಲೇ ಅದು ತಗಡು. ನನ್ನ ಉತ್ತರವೆಲ್ಲ ಈ ಎರಡರ ಸುತ್ತಲೇ ಇದೆ. ಅಂಚು ಮತ್ತು ನೆಗ್ಗು.

(ಈ 35 ಅನ್ನುವ ವಿಚಿತ್ರ ಸಂಖ್ಯೆ ಎಲ್ಲಿಂದ ಬಂತು ಅಂತ ಕೇಳುವವರು ಇರುತ್ತಾರೆ. 1960ರ ದಶಕದ ಆರಂಭದಲ್ಲಿ ಜಪಾನಿನ ಟಮಿಯಾ ಕಂಪನಿ ಪ್ಯಾಂಥರ್ ಟ್ಯಾಂಕಿನ ಕಿಟ್ ಮಾಡಿತು. ಒಳಗೆ ಮೋಟಾರು, ಬ್ಯಾಟರಿ ಹಿಡಿಸಬೇಕಿತ್ತು. ಅವು ಹಿಡಿಸುವಷ್ಟು ದೊಡ್ಡದು ಮಾಡಿ ಆಮೇಲೆ ಅಳೆದಾಗ ಸುಮಾರು 35ನೇ ಒಂದು ಭಾಗ ಬಂತು. ಅದೇ ಗಟ್ಟಿಯಾಯಿತು.)

ಹಾಗಾದರೆ 35 ಪಟ್ಟು ಚಿಕ್ಕ ತಗಡು ಎಲ್ಲಿ ಸಿಗುತ್ತದೆ? ನಿಮ್ಮ ಅಡುಗೆಮನೆಯಲ್ಲಿ. ಚಪಾತಿ ಸುತ್ತುವ ಅಲ್ಯೂಮಿನಿಯಂ ಫಾಯಿಲ್ ಸಾಮಾನ್ಯವಾಗಿ 11 ಮೈಕ್ರಾನ್ (0.011 ಮಿಲಿಮೀಟರ್) ದಪ್ಪ ಇರುತ್ತದೆ. 35ರಿಂದ ಗುಣಿಸಿ, ಹತ್ತಿರ ಹತ್ತಿರ 0.4 ಮಿಲಿಮೀಟರ್. ತೆಳು ಜಿಂಕ್ ಶೀಟಿನ ದಪ್ಪಕ್ಕೆ ಸರಿಯಾಗಿ ಹೊಂದುತ್ತದೆ. ತೊಂದರೆ ಏನೆಂದರೆ ಉಸಿರು ಬಿಟ್ಟರೂ ಮುದುಡುತ್ತದೆ. ಅದಕ್ಕೇ ನಾನು ಪಾರ್ಸೆಲ್ ಊಟ ಬರುವ ಅಲ್ಯೂಮಿನಿಯಂ ಡಬ್ಬಿಯ ತಳವನ್ನು ಬಳಸುತ್ತೇನೆ. ಫಾಯಿಲ್‌ಗಿಂತ ನಾಲ್ಕೈದು ಪಟ್ಟು ದಪ್ಪ, ಆದರೂ ಕಣ್ಣಿಗೆ ತೆಳು. ಕತ್ತರಿಯಲ್ಲೇ ಕತ್ತರಿಸಬಹುದು. ಅದಕ್ಕಿಂತ ಸ್ವಲ್ಪ ಗಟ್ಟಿ ಬೇಕಾದರೆ ಮುಲಾಮಿನ ಖಾಲಿ ಟ್ಯೂಬು. ಈಗಿನ ಟೂತ್‌ಪೇಸ್ಟ್ ಟ್ಯೂಬುಗಳು ಹೆಚ್ಚಾಗಿ ಪ್ಲಾಸ್ಟಿಕ್, ಅವು ಬೇಡ. ಚರ್ಮಕ್ಕೆ ಹಚ್ಚುವ ಮುಲಾಮುಗಳು ಇನ್ನೂ ಅಲ್ಯೂಮಿನಿಯಂ ಟ್ಯೂಬಿನಲ್ಲಿ ಸಿಗುತ್ತವೆ. ಉದ್ದಕ್ಕೆ ಸೀಳಿ, ಒಳಗೆ ತೊಳೆದು, ಗಾಜಿನ ಮೇಲಿಟ್ಟು ಚಮಚದ ಬೆನ್ನಿನಿಂದ ಉಜ್ಜಿ ಚಪ್ಪಟೆ ಮಾಡಿ. ಬೆಣ್ಣೆಯಂಥ ತಗಡು.

ನೀವು ತೆಗೆದುಕೊಂಡ ಕೂಲ್‌ಡ್ರಿಂಕ್ ಕ್ಯಾನು ದಪ್ಪದಲ್ಲಿ ಟ್ಯೂಬಿನಷ್ಟೇ. ಆದರೆ ಸ್ಪ್ರಿಂಗಿನ ಹಾಗೆ ಬಿರುಸು. ಬಗ್ಗಿಸಿದರೆ ಹಿಂದಕ್ಕೆ ಪುಟಿಯುತ್ತದೆ, ಅಂಚು ಕೈ ಕೊಯ್ಯುತ್ತದೆ. ಕಾಯಿಸಿ ಮೆತ್ತಗೆ ಮಾಡಬಹುದು. ಅಲ್ಯೂಮಿನಿಯಂ ಕಬ್ಬಿಣದ ಹಾಗೆ ಕೆಂಪಗಾಗಿ ಹೇಳಿಕೊಡುವುದಿಲ್ಲ. 660 ಡಿಗ್ರಿ ಸೆಲ್ಸಿಯಸ್‌ಗೆ ದಿಢೀರನೆ ಕರಗಿಬಿಡುತ್ತದೆ. ಅದಕ್ಕೆ ಹಳೇ ಉಪಾಯ ಒಂದಿದೆ. ತಗಡಿಗೆ ಬಟ್ಟೆ ಸೋಪು ಸವರಿ, ಉರಿಯಿಂದ ಸ್ವಲ್ಪ ದೂರ ಹಿಡಿದು ಆಡಿಸಿ. ಸೋಪು ಕಪ್ಪಾದ ತಕ್ಷಣ ತೆಗೆಯಿರಿ. ಹದ ಬಂದಿರುತ್ತದೆ. ಮೊದಲ ಎರಡು ತುಂಡು ಖಂಡಿತ ಹಾಳಾಗುತ್ತವೆ, ಬೇಜಾರು ಬೇಡ.

ಈಗ ಶೆಡ್ಡಿನ ಮಾಡು. ನಿಮ್ಮ ದೃಶ್ಯದಲ್ಲಿ ಕಣ್ಣಿಗೆ ಮೊದಲು ಬೀಳುವುದು ಇದೇ. ಹಾಗಾಗಿ ಇದಕ್ಕೆ ಸಮಯ ಕೊಡಿ.

ಹಳೇ ಮಾದರಿಯ ಅಲೆಅಲೆ ಶೀಟಿನಲ್ಲಿ ಒಂದು ಉಬ್ಬಿನಿಂದ ಇನ್ನೊಂದು ಉಬ್ಬಿಗೆ 3 ಇಂಚು, ಅಂದರೆ 76 ಮಿಲಿಮೀಟರ್. ನಿಮ್ಮ ಅಳತೆಯಲ್ಲಿ 2.2 ಮಿಲಿಮೀಟರ್. ಅಲೆಯ ಆಳ ಅರ್ಧ ಮಿಲಿಮೀಟರ್. ಇದನ್ನು ಒತ್ತಲು ಅಚ್ಚು ಬೇಕು. ಸೈಕಲ್ ಶಾಪಿಗೆ ಹೋಗಿ ಹಳೇ ಕಡ್ಡಿ ಕೇಳಿ. ಚಕ್ರದ ಕಡ್ಡಿ ಸಾಮಾನ್ಯವಾಗಿ 2 ಮಿಲಿಮೀಟರ್ ದಪ್ಪ. ಹನ್ನೆರಡು ಕಡ್ಡಿಗಳ ನೇರ ಭಾಗವನ್ನು ತಲಾ 80 ಮಿಲಿಮೀಟರ್ ಕತ್ತರಿಸಿ, ಪ್ಲೈವುಡ್ ತುಂಡಿನ ಮೇಲೆ ಒಂದಕ್ಕೊಂದು ತಾಗಿಸಿ ಸಾಲಾಗಿ ಅರಾಲ್ಡೈಟ್ ಹಾಕಿ ಅಂಟಿಸಿ. 2.2ರ ಬದಲು 2 ಬಂತು ಅಷ್ಟೇ. ಯಾರೂ ಕೇಳುವುದಿಲ್ಲ. ಹದಿಮೂರನೇ ಕಡ್ಡಿಯನ್ನು ಕೈಯಲ್ಲಿ ಇಟ್ಟುಕೊಳ್ಳಿ, ಒತ್ತಲು ಅದು ಬೇಕು.

ತಗಡನ್ನು ಅಚ್ಚಿನ ಮೇಲಿಟ್ಟು, ಕೈಯಲ್ಲಿರುವ ಕಡ್ಡಿಯನ್ನು ಮೊದಲ ಸಂದಿನಲ್ಲಿ ಮಲಗಿಸಿ ಬೆರಳಿನಿಂದ ಒತ್ತಿ. ಆಮೇಲೆ ಪಕ್ಕದ ಸಂದು. ಹೀಗೇ ಒಂದೊಂದಾಗಿ ಸಾಗಿ. ಎರಡೂ ತುದಿ ಟೇಪು ಹಾಕಿ ಬಿಗಿದು ನಡುವೆ ಒತ್ತಲು ಹೋಗಬೇಡಿ. ಅಲೆ ಬಿದ್ದಂತೆಲ್ಲ ತಗಡು ಒಳಕ್ಕೆ ಎಳೆದುಕೊಳ್ಳುತ್ತದೆ, ಬಿಗಿದಿದ್ದರೆ ಹರಿಯುತ್ತದೆ. ಒತ್ತಿದ ಮೇಲೆ ಕತ್ತರಿಸಿ, ಒತ್ತುವ ಮೊದಲಲ್ಲ. 8 ಅಡಿ ಶೀಟು ನಿಮಗೆ 70 ಮಿಲಿಮೀಟರ್ ಉದ್ದ ಬರುತ್ತದೆ. ಅಗಲ 19 ಸಾಕು.

ಒಂದೇ ದೊಡ್ಡ ತಗಡನ್ನು ಒತ್ತಿ ಇಡೀ ಮಾಡಿಗೆ ಹೊದಿಸುವ ಆಸೆ ಬರುತ್ತದೆ. ಬೇಡ. ನಿಜವಾದ ಮಾಡಿನಲ್ಲಿ ಶೀಟುಗಳು ಒಂದರ ಮೇಲೊಂದು ಕೂತಿರುತ್ತವೆ. ಪಕ್ಕದಲ್ಲಿ ಒಂದೂವರೆ ಅಲೆಯಷ್ಟು, ಮೇಲೆ ಕೆಳಗೆ ಒಂದು ಗೇಣಿನಷ್ಟು. ಆ ಒಂದು ಗೇಣು ನಿಮಗೆ 6 ಮಿಲಿಮೀಟರ್. ಕೆಳಗಿನ ಸಾಲು ಮೊದಲು ಹಾಕಿ, ಮೇಲಿನ ಸಾಲು ಅದರ ಮೇಲೆ ಬರಲಿ. ಉಲ್ಟಾ ಆದರೆ ಮಳೆನೀರು ಒಳಗೆ ಹೋಗುತ್ತದೆ ಅಲ್ವಾ? ಒಂದು ಶೀಟು ಸ್ವಲ್ಪ ಓರೆಯಾಗಲಿ. ಇನ್ನೊಂದರ ಮೂಲೆ ಗಾಳಿಗೆ ಎದ್ದ ಹಾಗೆ ಬಾಗಲಿ. ಮೊಳೆ ಇಲ್ಲವೇ ಕೊಕ್ಕೆ ಬೋಲ್ಟು ಬರುವುದು ಉಬ್ಬಿನ ಮೇಲೆ, ತಗ್ಗಿನಲ್ಲಲ್ಲ. ತಗ್ಗಿನಲ್ಲಿ ನೀರು ಹರಿಯುತ್ತದೆ, ಅಲ್ಲಿ ತೂತು ಹೊಡೆದವನಿಗೆ ಮೇಸ್ತ್ರಿ ಬೈಯುತ್ತಾನೆ. ಸ್ಪರ್ಧೆಗಳಲ್ಲಿ ಬಹುಮಾನ ಬಂದ ಮಾದರಿಗಳಲ್ಲೂ ನಾನು ಈ ತಪ್ಪು ನೋಡಿದ್ದೇನೆ. ಮೊಳೆಯ ತಲೆಗೆ ಹಿಂದಿನಿಂದ ಮೊಂಡು ಸೂಜಿ ಒತ್ತಿದರೆ ಮುಂದೆ ಒಂದು ಪುಟ್ಟ ಗುಳ್ಳೆ ಏಳುತ್ತದೆ, ಅಷ್ಟೇ ಸಾಕು. ಕೆಳಗೆ ಹಳೇ ಪೇಪರಿನ ನಾಲ್ಕು ಮಡಿಕೆ ಇರಲಿ. ತಗಡಿನ ಬಾಗಿಲಿಗೆ ರಿವೆಟ್ ಸಾಲು ಬೇಕಾದರೆ ಟೈಲರ್‌ಗಳ ಹತ್ತಿರ ಇರುವ ಹಲ್ಲುಚಕ್ರದ ಗುರುತುಗೋಲನ್ನು ಹಿಂಬದಿಯಿಂದ ಉರುಳಿಸಿ.

ಡ್ರಮ್ಮಿಗೆ ಬರೋಣ. 200 ಲೀಟರಿನ ಸಾಮಾನ್ಯ ಡ್ರಮ್ಮಿನ ವ್ಯಾಸ ಸುಮಾರು 585 ಮಿಲಿಮೀಟರ್, ಎತ್ತರ ಸುಮಾರು 880. ನಿಮಗೆ ಬೇಕಾದದ್ದು 16.7 ಮತ್ತು 25. ಗುಜರಿ ಅಂಗಡಿಗೆ ಹೋಗಿ ಒಂದನ್ನು ನೀವೇ ಟೇಪು ಹಿಡಿದು ಅಳೆದರೆ ಇನ್ನೂ ಒಳ್ಳೆಯದು. ಅಳೆಯುವ ನೆಪದಲ್ಲಿ ಅದು ಎಲ್ಲೆಲ್ಲಿ ನೆಗ್ಗಿದೆ, ಎಲ್ಲಿ ಮೊದಲು ತುಕ್ಕು ಹಿಡಿದಿದೆ ಎಲ್ಲ ಗೊತ್ತಾಗುತ್ತದೆ. ನಾನು ಮೊದಲ ಡ್ರಮ್ ಮಾಡಿದಾಗ ಈ ಕೆಲಸ ಮಾಡಲಿಲ್ಲ. ಡ್ರಮ್ಮಿನ ಮೈ ಸುತ್ತ ಬಳೆಯಂಥ ನಾಲ್ಕು ಉಬ್ಬು ಹಾಕಿದ್ದೆ. ಇರುವುದು ಎರಡು ದಪ್ಪ ಬಳೆ.

ಮುಲಾಮಿನ ಟ್ಯೂಬಿನ ತಗಡಿನಲ್ಲಿ 25 ಮಿಲಿಮೀಟರ್ ಅಗಲ, 53.5 ಉದ್ದದ ಪಟ್ಟಿ ಕತ್ತರಿಸಿ. ಇದರಲ್ಲಿ ಒಂದು ಮಿಲಿಮೀಟರ್ ಜೋಡಣೆಗೆ. ಸುತ್ತುವ ಮೊದಲೇ ಬಳೆಗಳನ್ನು ಒತ್ತಬೇಕು. ಎತ್ತರವನ್ನು ಮೂರು ಪಾಲು ಮಾಡಿ, ಎರಡು ಗೆರೆ ಎಳೆದು, ತಗಡನ್ನು ಮೌಸ್‌ಪ್ಯಾಡಿನ ಮೇಲೆ ಮಗುಚಿ ಹಾಕಿ, ಇಂಕು ಮುಗಿದ ಬಾಲ್‌ಪೆನ್ನಿನಿಂದ ಸ್ಕೇಲ್ ಹಿಡಿದು ಒತ್ತಿ ಎಳೆಯಿರಿ. ಒಂದೇ ಸಲ ಜೋರಾಗಿ ಬೇಡ, ನಾಲ್ಕೈದು ಸಲ ಹಗುರವಾಗಿ. ಮುಂದೆ ದುಂಡಗಿನ ಏಣು ಏಳುತ್ತದೆ. ಆಮೇಲೆ 16 ಮಿಲಿಮೀಟರ್ ಆಸುಪಾಸಿನ ಯಾವುದಾದರೂ ದುಂಡು ವಸ್ತುವಿಗೆ ಸುತ್ತಿ. ಮಾರ್ಕರ್ ಪೆನ್ನು, ಲಿಪ್ ಬಾಮ್ ಕೊಳವೆ, ಅಳೆದು ನೋಡಿ. ಸುತ್ತಿದ ಮೇಲೆ ಆ ಒಳಗಿನ ವಸ್ತುವನ್ನು ತೆಗೆದುಬಿಡಿ. ಅದನ್ನು ಒಳಗೇ ಬಿಟ್ಟರೆ ಡ್ರಮ್ ಗಟ್ಟಿ ಇರುತ್ತದೆ, ಆದರೆ ನೆಗ್ಗುವುದಿಲ್ಲ. ನಮಗೆ ಬೇಕಾದದ್ದೇ ನೆಗ್ಗು.

ಮುಚ್ಚಳ ಅಂಚಿನ ಸಮಕ್ಕೆ ಕೂರಬಾರದು. ಅರ್ಧ ಮಿಲಿಮೀಟರ್ ಒಳಗೆ ಇಳಿದಿರಬೇಕು. ಮೇಲಿನ ಅಂಚಿಗೆ 0.3 ಮಿಲಿಮೀಟರ್ ತಾಮ್ರದ ತಂತಿ ಸುತ್ತಿ ಅಂಟಿಸಿದರೆ ಮಡಿಸಿದ ಬಾಯಿ ಬಂತು. ಮುಚ್ಚಳದ ಮೇಲೆ ಎರಡು ಬಿರಡೆ. ದೊಡ್ಡದು 2 ಇಂಚಿನದು, ಚಿಕ್ಕದು ಮುಕ್ಕಾಲು ಇಂಚಿನದು. ಎರಡೂ ಅಂಚಿನ ಹತ್ತಿರ, ಎದುರುಬದುರು. ನಿಮಗೆ ಒಂದೂವರೆ ಮಿಲಿಮೀಟರಿನ ಒಂದು ಬಿಲ್ಲೆ, ಅದರ ಅರ್ಧಕ್ಕಿಂತ ಸಣ್ಣದು ಇನ್ನೊಂದು. ಎರಡನ್ನೂ ಒಂದೇ ಗಾತ್ರ ಮಾಡಬೇಡಿ.

ಈಗ ಹೆಬ್ಬೆರಳಿನ ಉಗುರಿನಿಂದ ಎರಡು ಬಳೆಗಳ ನಡುವೆ ಮೆಲ್ಲಗೆ ಒತ್ತಿ. ನೋಡಿ, ಲೋಹ ಮಡಿಯುವ ಹಾಗೇ ಮಡಿಯಿತು. ನಡುವೆ ತಗ್ಗು, ಸುತ್ತ ಚೂಪು ಏಣು. ಪ್ಲಾಸ್ಟಿಕ್ಕನ್ನು ಕೆರೆದು ಇದನ್ನು ತರಲು ನಾನು ವರ್ಷಗಟ್ಟಲೆ ಒದ್ದಾಡಿದ್ದೇನೆ. ಬಳೆಯ ಮೇಲೆ ಮಾತ್ರ ಒತ್ತಬೇಡಿ, ಡ್ರಮ್ಮಿನ ಬಲ ಇರುವುದೇ ಅಲ್ಲಿ. ನಿಜವಾದ ಡ್ರಮ್ಮೂ ಸಾಮಾನ್ಯವಾಗಿ ಬಳೆಗಳ ನಡುವೆಯೇ ನೆಗ್ಗುವುದು.

ಬಕೆಟ್ ಸುಲಭ ಅಂತ ಎಲ್ಲರೂ ಅಂದುಕೊಳ್ಳುತ್ತಾರೆ. ನೇರ ಪಟ್ಟಿ ಸುತ್ತುತ್ತಾರೆ, ಅದು ಡಬ್ಬಿ ಆಗುತ್ತದೆ. ಬಕೆಟ್ಟಿನ ಬಾಯಿ ಅಗಲ, ತಳ ಚಿಕ್ಕದು. ಅದನ್ನು ಬಿಚ್ಚಿ ಹರಡಿದರೆ ಬೀಸಣಿಗೆಯ ಆಕಾರ. ಬಾಯಿ 30 ಸೆಂಟಿಮೀಟರ್, ತಳ 20, ಎತ್ತರ 27 ಇರುವ ಜಿಐ (ಸತು ಬಳಿದ ಕಬ್ಬಿಣದ) ಬಕೆಟ್ ಅಂದುಕೊಳ್ಳಿ. ನಿಮ್ಮ ಅಳತೆಯಲ್ಲಿ ಕೈವಾರದಿಂದ ಒಂದೇ ಕೇಂದ್ರದಲ್ಲಿ 23.5 ಮತ್ತು 15.7 ಮಿಲಿಮೀಟರ್ ತ್ರಿಜ್ಯದ ಎರಡು ಕಂಸ ಎಳೆಯಿರಿ. ಅದರಲ್ಲಿ 66 ಡಿಗ್ರಿಯ ತುಂಡು ಕತ್ತರಿಸಿ. ಒಂದು ಬದಿಗೆ ಅಂಟಿಸಲು ಒಂದು ಮಿಲಿಮೀಟರ್ ಜಾಸ್ತಿ ಬಿಡಿ. ಸುತ್ತಿದರೆ ಸರಿಯಾದ ಬಕೆಟ್. ತಳ 5.7 ಮಿಲಿಮೀಟರಿನ ಬಿಲ್ಲೆ, ಅಂಚಿಗಿಂತ ಸ್ವಲ್ಪ ಮೇಲೆ ಕೂರಲಿ. ಬಾಯಿಗೆ ತೆಳು ತಂತಿ. ಎರಡು ಕಿವಿ ಅಂಟಿಸಿ, ಹಿಡಿಗೆ 0.2 ಮಿಲಿಮೀಟರಿನ ತಂತಿ ಹಾಕಿ. ಹಿಡಿಯನ್ನು ಯಾವಾಗಲೂ ಒಂದು ಪಕ್ಕಕ್ಕೆ ಬಿದ್ದ ಹಾಗೆ ಮಾಡಿ. ನೆಟ್ಟಗೆ ನಿಂತ ಹಿಡಿ ಜಾಹೀರಾತಿನಲ್ಲಿ ಮಾತ್ರ ಇರುತ್ತದೆ.

0.2 ಮಿಲಿಮೀಟರ್ ತಂತಿ ಎಲ್ಲಿಂದ ತರುವುದು? ಸಾಮಾನ್ಯ ಎಳೆಎಳೆ ವೈರಿನ ಪ್ಲಾಸ್ಟಿಕ್ ಸುಲಿದರೆ ಒಳಗಿನ ಒಂದೊಂದು ಎಳೆ ಹೆಚ್ಚುಕಡಿಮೆ ಅಷ್ಟೇ ಇರುತ್ತದೆ. ಬೇರೆ ಬೇರೆ ದಪ್ಪ ಬೇಕಾದರೆ ಊರಿನ ಮೋಟಾರ್ ವೈಂಡಿಂಗ್ ಅಂಗಡಿಗೆ ಹೋಗಿ. ಅಲ್ಲಿ ಗೇಜ್ ಲೆಕ್ಕ. 36 ಗೇಜ್ ಅಂದರೆ 0.19 ಮಿಲಿಮೀಟರ್, 30 ಅಂದರೆ 0.31, 24 ಅಂದರೆ 0.56, 22 ಅಂದರೆ 0.71. ಸಂಖ್ಯೆ ಏರಿದಂತೆ ತಂತಿ ಸಣ್ಣ. ಈ ನಾಲ್ಕು ಗೇಜಿನಲ್ಲಿ ಒಂದೊಂದು ಮಾರು ತಂದರೆ ಇಡೀ ಗ್ಯಾರೇಜ್ ಮುಗಿಯುತ್ತದೆ. ಸುಟ್ಟ ಮೋಟಾರಿನಿಂದ ಬಿಚ್ಚಿದ ಹಳೇ ತಂತಿ ಇದ್ದರೆ ಬಿಟ್ಟಿಗೇ ಕೊಡುತ್ತಾರೆ. ವೈಂಡಿಂಗ್ ತಂತಿಗೆ ಮೇಲೆ ವಾರ್ನಿಷ್ ಪದರ ಇರುತ್ತದೆ, ಅದನ್ನು ಉಪ್ಪುಕಾಗದದಿಂದ ಕೆರೆದೇ ಬಳಸಿ.

ನಿಮ್ಮ ಬೆಸುಗೆ ಯಾಕೆ ಹಿಡಿಯಲಿಲ್ಲ ಅನ್ನುವುದಕ್ಕೆ ಬರುತ್ತೇನೆ. ತಪ್ಪು ನಿಮ್ಮದಲ್ಲ, ಅಲ್ಯೂಮಿನಿಯಂನದು. ಅದರ ಮೇಲೆ ಯಾವಾಗಲೂ ಆಕ್ಸೈಡಿನ ತೆಳು ಚರ್ಮ ಇರುತ್ತದೆ. ಕೆರೆದರೆ ಕಣ್ಣು ಮಿಟುಕಿಸುವಷ್ಟರಲ್ಲಿ ಮತ್ತೆ ಬೆಳೆಯುತ್ತದೆ. ಆ ಚರ್ಮ ಕರಗಲು 2000 ಡಿಗ್ರಿಗೂ ಜಾಸ್ತಿ ಬಿಸಿ ಬೇಕು. ನಿಮ್ಮ ಬೆಸುಗೆ ಕಡ್ಡಿಯ ಮೂತಿ 350 ಡಿಗ್ರಿ ಇರಬಹುದು. ಸೀಸ ಉರುಳದೆ ಇನ್ನೇನು ಮಾಡೀತು? ಹಾಗಾಗಿ ಅಲ್ಯೂಮಿನಿಯಂ ಆದರೆ ಅಂಟು. ತಾಮ್ರ, ಹಿತ್ತಾಳೆ, ತವರ ಬಳಿದ ಡಬ್ಬಿಯ ತಗಡು ಆದರೆ ಬೆಸುಗೆ. ಇಷ್ಟು ನೆನಪಿಟ್ಟುಕೊಂಡರೆ ಸಾಕು.

ಅಂಟಿನಲ್ಲಿ ಅರಾಲ್ಡೈಟ್ ನನ್ನ ಆಯ್ಕೆ. ನಿಧಾನ, ಆದರೆ ಗಟ್ಟಿ. ಕ್ಷಣದಲ್ಲಿ ಹಿಡಿಯುವ ಕ್ವಿಕ್ ಗ್ಲೂಗಳು ಲೋಹದ ಮೇಲೆ ಪೆಡಸಾಗಿ ಒಂದು ಏಟಿಗೆ ಟಕ್ ಅಂತ ಬಿಡುತ್ತವೆ. ಸುತ್ತ ಬಿಳಿ ಮಂಜು ಕೂಡ ಕೂರುತ್ತದೆ. ಬಣ್ಣ ಹೊಡೆಯುವ ಕಡೆ ಆದರೆ ಪರವಾಗಿಲ್ಲ. ಮರಕ್ಕೆ ಹಾಕುವ ಬಿಳಿ ಅಂಟು ಲೋಹಕ್ಕೆ ಬೇಡವೇ ಬೇಡ.

ಬೆಸುಗೆ ಬೇಕಾಗುವುದು ಎಲ್ಲಿ? ಶೆಡ್ಡಿನ ಆ್ಯಂಗಲ್ ಕಬ್ಬಿಣದ ಚೌಕಟ್ಟು, ಕಿಟಕಿಯ ಸರಳು, ಕಬ್ಬಿಣದ ಸ್ಟೂಲು, ಇಂಥ ಕಡ್ಡಿ ಕೆಲಸಗಳಲ್ಲಿ. ಅಲ್ಲಿ ಅಂಟು ನಿಲ್ಲುವುದಿಲ್ಲ. ಮೆಷಿನ್ ಟೂಲ್ಸ್ ಅಂಗಡಿಯಲ್ಲಿ ಹಿತ್ತಾಳೆ ಶಿಮ್ ಶೀಟು (ತೆಳು ಹಾಳೆ) ಸಿಗುತ್ತದೆ, 0.1 ಮಿಲಿಮೀಟರಿನದು ತನ್ನಿ. ಮೊದಲೆಲ್ಲ ಬೀದಿಯಲ್ಲಿ ಕಲಾಯಿ ಹಾಕುವವರು ಬರುತ್ತಿದ್ದರು, ನೋಡಿದ್ದೀರಾ? ಪಾತ್ರೆ ಕಾಯಿಸಿ, ನವಸಾಗರ ಉದುರಿಸಿ, ಹೊಗೆ ಎದ್ದಾಗ ತವರ ತಾಗಿಸಿ ಬಟ್ಟೆಯಲ್ಲಿ ಸವರಿದರೆ ಬೆಳ್ಳಿಯ ಹಾಗೆ ಹರಡಿಕೊಳ್ಳುತ್ತಿತ್ತು. ನವಸಾಗರ ಲೋಹದ ಕೊಳೆ, ಆಕ್ಸೈಡ್ ತೆಗೆಯುತ್ತದೆ. ತವರ ಬರಿಮೈ ಲೋಹಕ್ಕೆ ಮಾತ್ರ ಅಂಟುತ್ತದೆ. ಬೆಸುಗೆಗೆ ಮೊದಲು ನೀವು ಹಚ್ಚುವ ಫ್ಲಕ್ಸ್ ಮಾಡುವುದೂ ಅದೇ ಕೆಲಸ. ಎರಡೂ ತುಂಡನ್ನು ಉಪ್ಪುಕಾಗದದಲ್ಲಿ ಉಜ್ಜಿ. ಎರಡಕ್ಕೂ ಮೊದಲೇ ತೆಳುವಾಗಿ ಕಲಾಯಿ ಹಾಕಿಟ್ಟುಕೊಳ್ಳಿ. ಫ್ಲಕ್ಸ್ ಹಚ್ಚಿ ಜೋಡಿಸಿ ಹಿಡಿದು ಬಿಸಿ ಮೂತಿ ತಾಗಿಸಿ. ಹೊಸದಾಗಿ ಸೀಸ ಸೇರಿಸುವ ಅಗತ್ಯವೇ ಇಲ್ಲ. 63/37 ಅಂತ ಬರೆದಿರುವ ಸೀಸ 183 ಡಿಗ್ರಿಗೆ ಒಮ್ಮೆಗೇ ಕರಗಿ ಒಮ್ಮೆಗೇ ಗಟ್ಟಿಯಾಗುತ್ತದೆ, ಸಣ್ಣ ಕೆಲಸಕ್ಕೆ ಅದು ಹಿತ. ಹಿಡಿದುಕೊಳ್ಳಲು ಬಟ್ಟೆ ಒಣಹಾಕುವ ಮರದ ಕ್ಲಿಪ್ಪು ಸಾಕು. ತಗಡು ಕೆಲಸದವರು ಬಳಸುವ ಆಸಿಡ್ ಫ್ಲಕ್ಸ್ ಚುರುಕಾಗಿ ಕೆಲಸ ಮಾಡುತ್ತದೆ ನಿಜ. ಆದರೆ ಚೆನ್ನಾಗಿ ತೊಳೆಯದಿದ್ದರೆ ಕೆಲವೇ ದಿನಗಳಲ್ಲಿ ಬಣ್ಣದ ಕೆಳಗಿನಿಂದ ಹಸಿರು ಕಿಲುಬು ಉಕ್ಕುತ್ತದೆ. ರಾಳದ ಫ್ಲಕ್ಸೇ ಇರಲಿ. ಕೆಲಸ ಅಡುಗೆಮನೆಯಲ್ಲಿ ಬೇಡ, ಕಿಟಕಿ ತೆರೆದಿರಲಿ, ಆಮೇಲೆ ಕೈ ತೊಳೆಯಿರಿ. ಅದು ಸೀಸ.

ಸರಪಳಿ, ಸ್ಪ್ಯಾನರ್ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಎರಡು ಗುಂಡುಸೂಜಿಗಳನ್ನು ಪಕ್ಕಪಕ್ಕ ಹಿಡಿದು ಅವುಗಳ ಮೇಲೆ 30 ಗೇಜ್ ತಂತಿಯನ್ನು ಒತ್ತೊತ್ತಾಗಿ ಸುತ್ತಿ. ಉದ್ದಕ್ಕೆ ಕತ್ತರಿಸಿದರೆ ಮೊಟ್ಟೆಯಾಕಾರದ ಕೊಂಡಿಗಳು ಉದುರುತ್ತವೆ. ಚಿಮುಟದಲ್ಲಿ ಒಂದಕ್ಕೊಂದು ಪೋಣಿಸಿ. ಇಪ್ಪತ್ತು ಕೊಂಡಿ ಪೋಣಿಸುವಷ್ಟರಲ್ಲಿ ತಾಳ್ಮೆ ಮುಗಿಯುತ್ತದೆ. ಅದಕ್ಕೇ ಉಳಿದ ಸರಪಳಿ ಡ್ರಮ್ಮಿನ ಹಿಂದೆ ಹೋಗಿದೆ ಅನ್ನುವ ಹಾಗೆ ಇಡಿ. ಸರಪಳಿ ನೆಲದ ಮೇಲೆ ತನ್ನ ಭಾರಕ್ಕೆ ಕುಸಿದು ರಾಶಿ ಬೀಳಬೇಕು, ಗಾಳಿಯಲ್ಲಿ ನಿಂತಿರಬಾರದು. ಒಂದು ಹನಿ ನೀರು ಬೆರೆಸಿದ ಅಂಟು ಬಿಟ್ಟು ಕಡ್ಡಿಯಿಂದ ನೆಲಕ್ಕೆ ಒತ್ತಿ. ಸ್ಪ್ಯಾನರಿಗೆ 22 ಗೇಜ್ ತಂತಿಯ ತುಂಡು. 8 ಇಂಚಿನ ಸ್ಪ್ಯಾನರ್ ನಿಮಗೆ ಆರು ಮಿಲಿಮೀಟರಿಗಿಂತ ಸ್ವಲ್ಪ ಕಡಿಮೆ. ಎರಡೂ ತುದಿಯನ್ನು ಕಬ್ಬಿಣದ ಮೇಲಿಟ್ಟು ಸಣ್ಣ ಸುತ್ತಿಗೆಯಲ್ಲಿ ಬಡಿದು ಚಪ್ಪಟೆ ಮಾಡಿ, ಸೂಜಿ ಅರದಿಂದ ಬಾಯಿ ಕೊರೆಯಿರಿ. ತಾಮ್ರ ಬಡಿದಷ್ಟೂ ಬಿರುಸಾಗುತ್ತದೆ. ಸೀಳತೊಡಗಿದರೆ ಕೆಂಪಗೆ ಕಾಯಿಸಿ ನೀರಿಗೆ ಹಾಕಿ, ಮತ್ತೆ ಮೆತ್ತಗಾಗುತ್ತದೆ. ಗೋಡೆಯ ಹಲಗೆಯಲ್ಲಿ ಒಂದು ಮೊಳೆ ಖಾಲಿ ಬಿಡಿ. ಆ ಸ್ಪ್ಯಾನರ್ ಜೀಪಿನ ಬಾನೆಟ್ಟಿನ ಮೇಲೆ ಇರಲಿ.

ಬಣ್ಣಕ್ಕೆ ಮೊದಲು ಎಲ್ಲವನ್ನೂ ಪಾತ್ರೆ ತೊಳೆಯುವ ಸೋಪಿನಲ್ಲಿ ತೊಳೆದು ಒಣಗಿಸಿ. ಬೆರಳಿನ ಜಿಡ್ಡು ತಾಗಿದ ಕಡೆ ಬಣ್ಣ ಸಿಪ್ಪೆಯ ಹಾಗೆ ಏಳುತ್ತದೆ. ಮೇಲೆ ಕಾರ್ ಪೇಂಟಿನ ಅಂಗಡಿಯ ಪ್ರೈಮರ್ ಸ್ಪ್ರೇ, ಒಂದೇ ತೆಳು ಕೋಟು. ಅಲ್ಯೂಮಿನಿಯಂ ಹೇಗೂ ಹೊಳೆಯುತ್ತದಲ್ಲ, ಜಿಂಕ್ ಶೀಟಿಗೆ ಹಾಗೇ ಬಿಡಬಾರದಾ ಅಂತ ಕೇಳಬಹುದು. ಬಿಡಬೇಡಿ. ನಿಜವಾದ ಶೀಟು ಹೊಸದಿದ್ದಾಗ ಮಾತ್ರ ಹೊಳೆಯುತ್ತದೆ. ಒಂದೆರಡು ಮಳೆ ಕಳೆದರೆ ಬೂದಿ ಬಣ್ಣ. ಅದೂ ಅಲ್ಲದೆ ಇಷ್ಟು ಚಿಕ್ಕ ವಸ್ತುವಿನ ಮೇಲೆ ಪೂರ್ತಿ ಹೊಳಪು ಬಂದರೆ ಕಣ್ಣಿಗೆ ಫಾಯಿಲ್ ಅಂತಲೇ ಕಾಣುತ್ತದೆ. ಹೊಳಪು ಬೇಕಾದದ್ದು ಕೈ ತಾಗುವ ಕಡೆ. ಬಕೆಟ್ಟಿನ ಹಿಡಿ, ಸ್ಪ್ಯಾನರಿನ ಬಾಯಿ, ಡ್ರಮ್ಮಿನ ಬಳೆಯ ತುದಿ. ಎಲ್ಲ ಮುಗಿದ ಮೇಲೆ 6ಬಿ ಪೆನ್ಸಿಲಿನ ಪುಡಿಯನ್ನು ಬೆರಳಿನಲ್ಲಿ ಅದ್ದಿ ಆ ಅಂಚುಗಳಿಗೆ ಮಾತ್ರ ಉಜ್ಜಿ. ಸವೆದ ಕಬ್ಬಿಣದ ಹೊಳಪು ಅದರಷ್ಟು ಚೆನ್ನಾಗಿ ಯಾವ ಸಿಲ್ವರ್ ಬಣ್ಣದಲ್ಲೂ ಬರುವುದಿಲ್ಲ.

ಇನ್ನು ತುಕ್ಕು. ನಿಜವಾದ ತುಕ್ಕನ್ನೇ ಹಿಡಿಸೋಣ ಅನ್ನುವ ಆಸೆ ನನಗೂ ಬಂದಿತ್ತು. ಮಂಗಳೂರಿನಲ್ಲಿದ್ದಾಗ ತುಪ್ಪದ ಡಬ್ಬಿಯ ತಗಡಿನಲ್ಲಿ ಒಂದು ಗೇಟು ಮಾಡಿ, ವಿನೆಗರ್ ಮತ್ತು ಉಪ್ಪು ಹಚ್ಚಿದೆ. ಎರಡೇ ದಿನದಲ್ಲಿ ಭರ್ಜರಿ ತುಕ್ಕು. ಖುಷಿಯಾಗಿ ಡಯೋರಾಮದಲ್ಲಿ ನಿಲ್ಲಿಸಿದೆ. ತೊಂದರೆ ಏನೆಂದರೆ ತುಕ್ಕು ನಿಲ್ಲಲಿಲ್ಲ. ತಗಡಿನಲ್ಲಿ ಉಳಿದ ಉಪ್ಪು ಮಳೆಗಾಲದ ತೇವವನ್ನು ಎಳೆದುಕೊಂಡು ಕೆಲಸ ಮುಂದುವರಿಸಿತು. ದಸರಾ ಹೊತ್ತಿಗೆ ಗೇಟು ಜರಡಿ. ಸುತ್ತಲಿನ ಪ್ಲಾಸ್ಟರ್ ನೆಲಕ್ಕೆಲ್ಲ ಕಿತ್ತಳೆ ಕಲೆ. ಇನ್ನೊಂದು ತೊಂದರೆ, ನಿಜವಾದ ತುಕ್ಕಿನ ಕಣ ನಿಜವಾದ ಗಾತ್ರದ್ದು. ಅದು 35 ಪಟ್ಟು ಚಿಕ್ಕದಾಗುವುದಿಲ್ಲ. ಪುಟಾಣಿ ಬಕೆಟ್ಟಿನ ಮೇಲೆ ಅದು ಜಲ್ಲಿ ಅಂಟಿದ ಹಾಗೆ ಕಾಣುತ್ತದೆ.

ಒಳ್ಳೆಯ ತುಕ್ಕಿನ ಪುಡಿ ನಮ್ಮ ರಂಗೋಲಿ ಅಂಗಡಿಯಲ್ಲೇ ಇದೆ. ಅದು ಕೆಮ್ಮಣ್ಣು. ಅದರ ಕೆಂಪು ಬಣ್ಣ ಬಂದಿರುವುದೇ ಕಬ್ಬಿಣದ ಆಕ್ಸೈಡಿನಿಂದ. ತುಕ್ಕಿನ ಹತ್ತಿರದ ನೆಂಟ. ಹಾಗೇ ಬಳಸಿದರೆ ದೊರಗು. ಒಂದು ಲೋಟ ನೀರಿನಲ್ಲಿ ಕದಡಿ, ಇಪ್ಪತ್ತು ಎಣಿಸಿ, ಮೇಲಿನ ಕೆಂಪು ನೀರನ್ನು ಇನ್ನೊಂದು ಲೋಟಕ್ಕೆ ಬಗ್ಗಿಸಿ. ತಳದ ಮರಳು ಚೆಲ್ಲಿ. ಎರಡನೇ ಲೋಟವನ್ನು ರಾತ್ರಿಯಿಡೀ ಬಿಟ್ಟರೆ ಅಡಿಯಲ್ಲಿ ಪೌಡರಿನಂಥ ಕೆಸರು ನಿಲ್ಲುತ್ತದೆ. ಒಣಗಿಸಿ ಡಬ್ಬಿಗೆ ತುಂಬಿ. ಇದಕ್ಕೆ ಮಸಿ ಬೆರೆಸಿದರೆ ಹಳೇ ತುಕ್ಕು, ಹಳದಿ ಮಣ್ಣು ಬೆರೆಸಿದರೆ ಹೊಸ ತುಕ್ಕು.

ನಿಮ್ಮ ತುಕ್ಕು ಬಣ್ಣ ಬಳಿದ ಹಾಗೆ ಕಾಣಲು ಕಾರಣ, ನೀವು ಕಿತ್ತಳೆಯಿಂದ ಶುರು ಮಾಡಿದ್ದೀರಿ. ಕಿತ್ತಳೆ ಕೊನೆಗೆ ಬರಬೇಕು, ಅದೂ ಅಷ್ಟಷ್ಟೇ. ಹಳೇ ತುಕ್ಕು ಕಿತ್ತಳೆ ಅಲ್ಲ, ಹಳೇ ಹುಣಸೆಹಣ್ಣಿನ ಬಣ್ಣ, ಹತ್ತಿರ ಹತ್ತಿರ ಕಪ್ಪು. ಮೊದಲು ಅದನ್ನು ಇಡೀ ತುಕ್ಕಿನ ಜಾಗಕ್ಕೆ ಹಚ್ಚಿ. ಅದರ ಮೇಲೆ ಸ್ಪಂಜಿನ ಚೂರಿನಿಂದ ಬೆಲ್ಲದ ಬಣ್ಣ ಅಲ್ಲಲ್ಲಿ ತಟ್ಟಿ. ಆಮೇಲೆ ಕೆಮ್ಮಣ್ಣಿನ ಪುಡಿಯನ್ನು ಒಣ ಬ್ರಷ್ಷಿನಲ್ಲಿ ಹಾಕಿ, ಒಂದು ಹನಿ ಸ್ಪಿರಿಟ್ ತಾಗಿಸಿ ಕೂರಿಸಿ. ಕಿತ್ತಳೆ ಬರುವುದು ಇತ್ತೀಚೆಗೆ ಕೆರೆದ ಕಡೆ, ನೀರು ತೊಟ್ಟಿಕ್ಕುವ ಕಡೆ ಮಾತ್ರ. ಕೊನೆಗೆ ಎಲ್ಲದಕ್ಕೂ ಮ್ಯಾಟ್ ವಾರ್ನಿಷ್ ತೆಳುವಾಗಿ.

ತುಕ್ಕು ಎಲ್ಲಿ ಬರುತ್ತದೆ ಅನ್ನುವುದನ್ನು ನೀರೇ ತೀರ್ಮಾನ ಮಾಡುತ್ತದೆ. ಜಿಂಕ್ ಶೀಟಿನಲ್ಲಿ ಸತುವಿನ ಪದರ ಕಬ್ಬಿಣವನ್ನು ಕಾಯುತ್ತಿರುತ್ತದೆ. ಅದು ಮೊದಲು ಸೋಲುವುದು ನೀರು ನಿಲ್ಲುವಲ್ಲಿ. ಒಂದರ ಮೇಲೊಂದು ಕೂತ ಜೋಡಣೆಯಲ್ಲಿ, ಮೊಳೆಯ ಸುತ್ತ, ಮಾಡಿನ ಕೆಳ ಅಂಚಿನಲ್ಲಿ. ಮೊಳೆ ಉಬ್ಬಿನ ಮೇಲಿದ್ದರೂ ಅದರ ತುಕ್ಕುನೀರು ಪಕ್ಕದ ತಗ್ಗಿಗೆ ಜಾರಿ ಕೆಳಕ್ಕೆ ಗೆರೆ ಎಳೆಯುತ್ತದೆ. ಆ ಗೆರೆ ಕೆಳಗೆ ಹೋಗುತ್ತ ಮಾಸಬೇಕು. ಡ್ರಮ್ಮಿನಲ್ಲಿ ಮುಚ್ಚಳ ಒಳಗೆ ಇಳಿದಿರುವುದರಿಂದ ಮಳೆನೀರು ಅಲ್ಲೇ ನಿಲ್ಲುತ್ತದೆ, ಮೊದಲ ತುಕ್ಕು ಅಲ್ಲಿ. ಎರಡನೆಯದು ಒದ್ದೆ ನೆಲ ತಾಗುವ ತಳದ ಅಂಚು. ನಡುವಿನ ಮೈಯಲ್ಲಿ ಬಣ್ಣ ಹೆಚ್ಚುಕಡಿಮೆ ಉಳಿದಿರುತ್ತದೆ. ಅದಕ್ಕೆ ಒಂದು ಸುಲಭ ದಾರಿ ಇದೆ. ತುಕ್ಕಿನ ಬಣ್ಣ ಒಣಗಿದ ಮೇಲೆ ಕೂದಲಿಗೆ ಹಾಕುವ ಹೇರ್‌ಸ್ಪ್ರೇ ಒಂದು ಕೋಟು. ಅದರ ಮೇಲೆ ಡ್ರಮ್ಮಿನ ನೀಲಿ ಅಕ್ರಿಲಿಕ್. ಅರ್ಧ ಗಂಟೆ ಬಿಟ್ಟು ನೀರು ಸವರಿ ಬಿರುಸು ಬ್ರಷ್ಷಿನಲ್ಲಿ ಮೆಲ್ಲಗೆ ಉಜ್ಜಿ. ಕೆಳಗಿನ ಹೇರ್‌ಸ್ಪ್ರೇ ಕರಗಿ ನೀಲಿ ಚಕ್ಕೆಚಕ್ಕೆಯಾಗಿ ಏಳುತ್ತದೆ. ನೆಗ್ಗಿನ ಏಣಿನ ಮೇಲೆ, ಬಳೆಯ ಮೇಲೆ ಜಾಸ್ತಿ ಉಜ್ಜಿ. ಉಳಿದ ಕಡೆ ಕೈ ಬಿಗಿ ಹಿಡಿಯಿರಿ. ದೊಡ್ಡ ಬಿರಡೆಯಿಂದ ಕೆಳಗೆ ಒಂದೇ ಒಂದು ಆಯಿಲ್ ಗೆರೆ, ಕಪ್ಪು ಕಂದು ಬಣ್ಣಕ್ಕೆ ಸ್ವಲ್ಪ ಹೊಳಪು ವಾರ್ನಿಷ್ ಬೆರೆಸಿ. ಇಡೀ ದೃಶ್ಯದಲ್ಲಿ ಒದ್ದೆಯಾಗಿ ಹೊಳೆಯುವುದು ಅದೊಂದೇ ಇರಲಿ.

ಜೆರಿಕ್ಯಾನ್ ಹೊಸದಾಗಿ ಮಾಡಬೇಡಿ. ಅದರ ಪಕ್ಕದಲ್ಲಿ ಒತ್ತಿರುವ ಆ ಅಡ್ಡಗೆರೆಗಳ ಆಕಾರವನ್ನು ಕಿಟ್ಟಿನ ಅಚ್ಚು ನಮಗಿಂತ ಚೆನ್ನಾಗಿ ಮಾಡಿರುತ್ತದೆ. ಅಂಚು ಎಲ್ಲೂ ತೆರೆದಿಲ್ಲ, ಹಾಗಾಗಿ ದಪ್ಪದ ಗುಟ್ಟು ರಟ್ಟಾಗುವುದಿಲ್ಲ. ಬದಲಿಸಬೇಕಾದದ್ದು ಮೇಲಿನ ಮೂರು ಹಿಡಿ ಮಾತ್ರ. ಜರ್ಮನ್ನರು 1930ರ ದಶಕದಲ್ಲಿ ಈ 20 ಲೀಟರಿನ ಕ್ಯಾನ್ ಮಾಡಿದಾಗ ಮೂರು ಹಿಡಿ ಇಟ್ಟದ್ದಕ್ಕೆ ಕಾರಣ ಇತ್ತು. ತುಂಬಿದ ಕ್ಯಾನನ್ನು ಒಬ್ಬನೇ ಹೊರುವಾಗ ನಡುವಿನ ಹಿಡಿ. ಇಬ್ಬರು ಸೇರಿ ಹೊರುವಾಗ ಪಕ್ಕದ ಎರಡು. ಎರಡು ಖಾಲಿ ಕ್ಯಾನ್ ಪಕ್ಕಪಕ್ಕ ಇಟ್ಟರೆ ಹತ್ತಿರದ ಎರಡು ಹಿಡಿಗಳನ್ನು ಒಂದೇ ಕೈಯಲ್ಲಿ ಹಿಡಿಯಬಹುದು. ಬ್ರಿಟಿಷರು, ಅಮೆರಿಕನ್ನರು ನಕಲು ಮಾಡುವಾಗಲೂ ಈ ಮೂರು ಹಿಡಿ ಬಿಡಲಿಲ್ಲ. ಕಿಟ್ಟಿನಲ್ಲಿ ಇವುಗಳ ಕೆಳಗಿನ ಸಂದು ಎಷ್ಟೋ ಸಲ ಮುಚ್ಚಿಹೋಗಿರುತ್ತದೆ. ಕೆರೆದು ತೆಗೆದು, 24 ಗೇಜ್ ತಂತಿಯ ಮೂರು ತುಂಡು ಬಗ್ಗಿಸಿ ಹಾಕಿ. ಮೂರರ ಕೆಳಗೂ ಬೆಳಕು ಕಾಣಬೇಕು. ಬಣ್ಣ ಹೆಚ್ಚು ಸವೆಯುವುದು ನಡುವಿನ ಹಿಡಿಯಲ್ಲಿ, ಪೆನ್ಸಿಲ್ ಪುಡಿ ಅದಕ್ಕೆ ಮಾತ್ರ ಉಜ್ಜಿ.